ಹಿಮದ ಕಾಡಿನಲ್ಲಿ ಒಂದು ರಾತ್ರಿ: ಕಿತ್ತಳೆ ಚೀಲ ಎಷ್ಟು ಕಾಪಾಡಿತು?

ಮಡಚಿಟ್ಟರೆ ಅರ್ಧ ತೆಂಗಿನಕಾಯಿಯಷ್ಟು ಗಾತ್ರ. ತೂಕ ಸುಮಾರು 110 ಗ್ರಾಂ. ಬಿಚ್ಚಿದರೆ ಏಳು ಅಡಿ ಉದ್ದ, ಮೂರು ಅಡಿ ಅಗಲದ ಚೀಲ. ಹೊರಗೆ ಕಿತ್ತಳೆ ಬಣ್ಣ, ಒಳಗೆ ಬೆಳ್ಳಿ ಹೊಳಪು. ಹೊರಗೆ ಚಳಿಯಲ್ಲಿ ಸಿಕ್ಕಿಬಿದ್ದಾಗ ಇದರೊಳಗೆ ಹೊಕ್ಕು ಕೂರಬೇಕು. ನಾನಿರುವ ಅಮೆರಿಕದಲ್ಲಿ ಇದಕ್ಕೆ ಎಮರ್ಜೆನ್ಸಿ ಬಿವಿ ಅನ್ನುತ್ತಾರೆ. 20 ಡಾಲರ್ ಕೊಟ್ಟು ತಂದಿದ್ದೆ. ಎರಡು ವರ್ಷ ಜಾಕೆಟ್ಟಿನ ಒಳಜೇಬಿನಲ್ಲಿ ಸುಮ್ನೆ ಕೂತಿತ್ತು. ಕಳೆದ ಡಿಸೆಂಬರಿನಲ್ಲಿ ಒಂದು ರಾತ್ರಿ, ಎಂಟು ತಾಸಿಗಿಂತ ಜಾಸ್ತಿ, ಅದು ನಮ್ಮನ್ನು ಕಾಪಾಡಿತು.

ನಮ್ಮನ್ನು ಅಂದರೆ ನಾನು ಮತ್ತು ನನ್ನ ಅಕ್ಕನ ಮಗ. ಅವನ ಬೆನ್ನುಚೀಲದಲ್ಲಿ ಇಂಥ ಬಿವಿ ಇರಲಿಲ್ಲ, ಮನೆ ಕಟ್ಟುವವರು ಬಳಸುವ ದಪ್ಪ ಕಪ್ಪು ಕಸದ ಚೀಲ ಇತ್ತು. ಹಾಗಾಗಿ ಒಂದೇ ರಾತ್ರಿ, ಒಂದೇ ಚಳಿಯಲ್ಲಿ ಎರಡನ್ನೂ ಬಳಸಿ ನೋಡಿದಂತಾಯಿತು. ಚಳಿದೇಶಕ್ಕೆ ಹೊಸದಾಗಿ ಬಂದ ನಮ್ಮವರು, ಡಿಸೆಂಬರ್ ಜನವರಿಯಲ್ಲಿ ಹಿಮಾಲಯದ ಟ್ರೆಕ್ಕಿಗೆ ಹೋಗುವ ಬೆಂಗಳೂರಿನ ಹುಡುಗ ಹುಡುಗಿಯರು ಇದನ್ನು ಓದಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬರೆಯುವುದಿಲ್ಲ. ಇದೇ ಬಗೆಯ ಚೀಲವನ್ನು ಹಲವರು ಮಾಡುತ್ತಾರೆ. ಕೊಳ್ಳುವಾಗ ಏನು ನೋಡಬೇಕು ಅನ್ನುವುದೇ ಮುಖ್ಯ.

ಜಾಗ ಮಿನೆಸೋಟ ರಾಜ್ಯದ ಉತ್ತರದಲ್ಲಿ, ಸುಪೀರಿಯರ್ ಸರೋವರದ ದಂಡೆಯಿಂದ ಸ್ವಲ್ಪ ಒಳಗಿರುವ ಜಾರ್ಜ್ ಕ್ರಾಸ್ಬಿ ಮ್ಯಾನಿಟೂ ಸ್ಟೇಟ್ ಪಾರ್ಕ್. ಫಿನ್‌ಲ್ಯಾಂಡ್ ಅನ್ನುವ ಪುಟ್ಟ ಊರಿನ ಹತ್ತಿರ. ಏರು ಇಳುಕಲಿನ ಕಾಡು. ಬರ್ಚ್, ಸ್ಪ್ರೂಸ್, ಫರ್, ಸೀಡರ್ ಮರಗಳು. ಕೊಪ್ಪದ ಕಡೆ ಹುಟ್ಟಿ ಬೆಳೆದ ನನಗೆ ಕಾಡು ಹೊಸದಲ್ಲ. ಹಿಮ ಮಾತ್ರ ಇಲ್ಲಿಗೆ ಬಂದು ಎಂಟು ವರ್ಷವಾದರೂ ಹೊಸದೇ.

ಮಧ್ಯಾಹ್ನ ಒಂದು ಗಂಟೆಗೆ ಬೆನ್ಸನ್ ಕೆರೆಯ ಹತ್ತಿರ ಕಾರು ನಿಲ್ಲಿಸಿ ಹೊರಟೆವು. ಎರಡು ತಾಸಿನ ಸುತ್ತು ಅಂತ ಲೆಕ್ಕ. ನದಿ ಕಡೆ ಇಳಿಯುವಾಗ ಹಿಮ ಬೀಳತೊಡಗಿತು. ಮುಂದೆ ಯಾರೋ ನಡೆದುಹೋದ ಜಾಡು ಕಂಡಿತು, ಅದನ್ನೇ ಹಿಡಿದೆವು. ಅರ್ಧ ತಾಸು ಹೋದ ಮೇಲೆ ಬಗ್ಗಿ ನೋಡಿದರೆ ಅದು ಜಿಂಕೆಗಳ ಹಾದಿ. ಮರಗಳ ಮೇಲೆ ಬಳಿದ ದಾರಿಗುರುತು ಎಲ್ಲೂ ಇಲ್ಲ. ಹಿಂದೆ ತಿರುಗಿದರೆ ನಮ್ಮ ಹೆಜ್ಜೆಗಳೇ ಮುಚ್ಚಿಹೋಗುತ್ತಿದ್ದವು. ಫೋನ್ ತೆಗೆದೆ. ಸಿಗ್ನಲ್ ಇಲ್ಲ. 40% ಚಾರ್ಜ್ ತೋರಿಸುತ್ತಿದ್ದದ್ದು ನೋಡುನೋಡುತ್ತಲೇ ಆರಿಹೋಯಿತು. ಚಳಿಗೆ ಬ್ಯಾಟರಿ ಹಾಗೆ ಮಾಡುತ್ತದೆ.

‘ಚಿಕ್ಕಮ್ಮ, ಇನ್ನೊಂಚೂರು ಮುಂದೆ ಹೋದ್ರೆ ರೋಡ್ ಸಿಗಬಹುದು’ ಎಂದ ಹುಡುಗ. ಹತ್ತೊಂಬತ್ತು ವರ್ಷ, ಕಾಲಲ್ಲಿ ಶಕ್ತಿ ಇದೆ. ನನಗೂ ಒಂದು ಕ್ಷಣ ಹಾಗೇ ಅನಿಸಿತು. ಆಗ ಮಗಳು ಶಾಲೆಯಿಂದ ಕಲಿತು ಬಂದ ಪಾಠ ನೆನಪಾಯಿತು. ‘ಮರ ತಬ್ಬಿಕೋ’ ಅಂತ ಅದರ ಹೆಸರು. 1981ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದಲ್ಲಿ 9 ವರ್ಷದ ಹುಡುಗನೊಬ್ಬ ದಾರಿ ತಪ್ಪಿ ತೀರಿಹೋದ. ಅವನನ್ನು ಹುಡುಕಲು ಹೋದವರು ಆಮೇಲೆ ಮಕ್ಕಳಿಗಾಗಿ ಶುರು ಮಾಡಿದ ಪಾಠ. ದಾರಿ ತಪ್ಪಿತು ಅಂತ ಗೊತ್ತಾದ ಕೂಡಲೇ ಒಂದು ಮರ ಹಿಡಿದು ಅಲ್ಲೇ ಇರಬೇಕು. ಹೊರಡುವಾಗಲೇ ಸೀಟಿ ಮತ್ತು ದೊಡ್ಡ ಕಸದ ಚೀಲ ಜೊತೆಗಿಟ್ಟುಕೊಳ್ಳಬೇಕು. ಹುಡುಗನ ಬೆನ್ನುಚೀಲದಲ್ಲಿ ಆ ಕಪ್ಪು ಚೀಲ ಇದ್ದದ್ದೂ ಮಗಳ ಹಟದಿಂದಲೇ.

‘ಬೇಡ ಮಾರಾಯ, ಇಲ್ಲೇ ನಿಲ್ಲೋಣ’ ಎಂದೆ. ಆಗ ಗಂಟೆ ಮೂರೂ ಮುಕ್ಕಾಲು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂ ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಕೈಯಲ್ಲಿದ್ದ ಆ ಅಷ್ಟು ಬೆಳಕನ್ನು ನಡೆಯುವುದಕ್ಕೆ ಖರ್ಚು ಮಾಡಿದ್ದರೆ ಈ ಬರಹ ಇರುತ್ತಿತ್ತೋ ಇಲ್ಲವೋ.

ಚೀಲ ತೆಗೆಯುವ ಮೊದಲು ಹಾಸಿಗೆ ಮಾಡಿದೆವು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಚೀಲ ಕೊಂಡವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಪೊಟ್ಟಣದ ಮೇಲೆ, ಮೈಯಿಂದ ಹೊರಡುವ ಶಾಖದಲ್ಲಿ 90% ವಾಪಸ್ ಕಳಿಸುತ್ತದೆ ಎಂದು ಬರೆದಿತ್ತು. ಅದು ಬೆಳಕಿನ ಹಾಗೆ ಹರಡುವ ಶಾಖದ ಮಾತು. ನೆಲಕ್ಕೆ ತಾಗಿ ಹೋಗುವ ಶಾಖಕ್ಕೂ ಆ ಲೆಕ್ಕಕ್ಕೂ ಸಂಬಂಧ ಇಲ್ಲ. ಚೀಲದ ತಳ ಕಾಗದದಷ್ಟು ತೆಳು. ಹಿಮದ ಮೇಲೆ ಹಾಗೇ ಕೂತರೆ ಮೈಬಿಸಿಯೆಲ್ಲ ಕುಂಡೆಯಿಂದ ನೆಲಕ್ಕೆ ಇಳಿದುಹೋಗುತ್ತದೆ.

ಊರಲ್ಲಿ ಅಜ್ಜಿ ಕೊಟ್ಟಿಗೆಗೆ ಸೊಪ್ಪು ಹಾಸುತ್ತಿದ್ದರು. ಬೆಟ್ಟದಿಂದ ಹೊರೆ ತಂದು, ಕಡ್ಡಿ ಕೆಳಗೆ ಎಲೆ ಮೇಲೆ ಬರುವ ಹಾಗೆ ಹರವುವರು. ಮಳೆಗಾಲದಲ್ಲಿ ಎರಡು ಪಟ್ಟು. ‘ದನದ ಹೊಟ್ಟೆಗೆ ನೆಲದ ತಂಡಿ ತಾಗಬಾರದು ಮಗಾ’ ಅನ್ನುತ್ತಿದ್ದರು. ಆ ಸಂಜೆ ನನ್ನ ಕೈಗೆ ಆ ಕೆಲಸ ತಾನಾಗೇ ಬಂತು. ಗಾಳಿಗೆ ಮುರಿದು ಬಿದ್ದ ಒಂದು ಬಾಲ್ಸಮ್ ಫರ್ ಮರ ಪಕ್ಕದಲ್ಲೇ ಇತ್ತು, ಇನ್ನೂ ಹಸಿರು. ಅದರ ಕೊಂಬೆ ಮುರಿದು, ಕಡ್ಡಿ ಕೆಳಗೆ, ಚಪ್ಪಟೆ ಎಲೆ ಮೇಲೆ ಮಾಡಿ ಹಾಸಿದೆ. ಮೊಣಕಾಲಿನ ಎತ್ತರಕ್ಕೆ ರಾಶಿ ಹಾಕಿದರೆ, ಕೂತ ಮೇಲೆ ಅದುಮಿ ಒಂದು ಗೇಣು ಉಳಿಯಿತು. ಆ ಒಂದು ಗೇಣು ಸೊಪ್ಪು ಇಲ್ಲದಿದ್ದರೆ 20 ಡಾಲರಿನ ಚೀಲಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಕೈಗವಸಿಗೆ ಅಂಟಿದ ಆ ಮರದ ಅಂಟಿನ ವಾಸನೆ ಇನ್ನೂ ಹೋಗಿಲ್ಲ.

ಗಾಳಿ ಬರುವ ದಿಕ್ಕಿಗೆ ಬಿದ್ದ ಮರದ ಬೊಡ್ಡೆ ಅಡ್ಡ ಇತ್ತು. ಅದಕ್ಕೆ ಬೆನ್ನು ಕೊಟ್ಟು ಕೂತೆವು.

ಈಗ ಚೀಲದ ಮಾತು. ಬಿಚ್ಚುವುದು ಸುಲಭ, ಕೈಗವಸು ಹಾಕಿಕೊಂಡೇ ಬಿಚ್ಚಬಹುದು. ಮಾರುಕಟ್ಟೆಯಲ್ಲಿ ಎರಡು ಬಗೆ ಇದೆ. ಒಂದು, ತೆಳ್ಳಗಿನ ಬೆಳ್ಳಿ ಹಾಳೆ. ಮ್ಯಾರಥಾನ್ ಮುಗಿಸಿದವರಿಗೆ ಹೊದಿಸುವುದನ್ನು ನೋಡಿರುತ್ತೀರಿ. 1964ರಲ್ಲಿ ನಾಸಾದವರು ಬಾಹ್ಯಾಕಾಶದ ಕೆಲಸಕ್ಕೆ ಮಾಡಿಕೊಂಡ ಬಟ್ಟೆ ಅದು, ತೆಳು ಪ್ಲಾಸ್ಟಿಕ್ಕಿನ ಮೇಲೆ ಅಲ್ಯೂಮಿನಿಯಂ ಲೇಪ. ಎರಡು ಮೂರು ಡಾಲರಿಗೆ ಸಿಗುತ್ತದೆ. ಆದರೆ ಒಂದು ಕಡೆ ಚೂರು ಸೀಳು ಬಿದ್ದರೆ ಸರ್ರೆಂದು ಕೊನೆವರೆಗೂ ಹರಿಯುತ್ತದೆ, ಗಾಳಿಗೆ ಮೈಮೇಲೆ ನಿಲ್ಲುವುದಿಲ್ಲ. ಇನ್ನೊಂದು, ನನ್ನ ಬಳಿ ಇದ್ದಂಥದ್ದು. ಪಾಲಿಥೀನಿನದು, ಸ್ವಲ್ಪ ದಪ್ಪ, ಮೂರು ಕಡೆ ಮುಚ್ಚಿದ ಚೀಲ. ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಹಾಳೆಯನ್ನು ರಾತ್ರಿಯಿಡೀ ಕೈಯಲ್ಲಿ ಹಿಡಿದು ಕೂರಬೇಕು. ಮರಗಟ್ಟಿದ ಕೈಗೆ ಅದು ಆಗದ ಕೆಲಸ.

ಮೊದಲು ಹುಡುಗನನ್ನು ಅದರೊಳಗೆ ಕೂರಿಸಿದೆ. ಅವನು ಜೀನ್ಸ್ ಹಾಕಿಕೊಂಡು ಬಂದಿದ್ದ. ಮೊಣಕಾಲಿನವರೆಗೆ ನೆನೆದು, ಹೆಪ್ಪುಗಟ್ಟಿ, ತಗಡಿನ ಹಾಗೆ ಸೆಟೆದಿತ್ತು. ಹತ್ತಿ ಬಟ್ಟೆ ಕೊಲ್ಲುತ್ತದೆ ಅಂತ ಇಲ್ಲಿಯವರು ಹೇಳುವುದು ಸುಮ್ನೆ ಅಲ್ಲ. ಒದ್ದೆಯಾದ ಹತ್ತಿ ಮೈಬಿಸಿಯನ್ನು ಹೀರುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿ ಗದ್ದೆ ಕೆಲಸ ಮಾಡಿದ ನಮ್ಮ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಒಳಗೆ ಉಣ್ಣೆಯ ಥರ್ಮಲ್ ಇತ್ತು, ಸದ್ಯ. ಜೀನ್ಸ್ ಬಿಚ್ಚಿಸಿ, ಕಾಲಿಗೆ ನನ್ನ ಉಣ್ಣೆ ಶಾಲು ಸುತ್ತಿ ಚೀಲದೊಳಗೆ ಕಳಿಸಿದೆ. ನಾನು ಕಪ್ಪು ಚೀಲಕ್ಕೆ ಮುಖ ಬರುವಷ್ಟು ತೂತು ಮಾಡಿ ತಲೆಯಿಂದ ಹಾಕಿಕೊಂಡೆ. ಕಾಲು ಬೆನ್ನುಚೀಲದೊಳಗೆ.

ಹತ್ತು ನಿಮಿಷದಲ್ಲಿ ಅವನ ನಡುಕದ ರೀತಿ ಬದಲಾಯಿತು. ಹಲ್ಲು ಕಟಕಟ ನಿಂತಿತು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅಂತ ನನಗೆ ದಿಗಿಲು. ಮೈ ಒಳಗಿನ ಬಿಸಿ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ ಶುರು. ನಡುಗುತ್ತಿರುವವರೆಗೆ ಮೈ ಹೋರಾಡುತ್ತಿದೆ ಅಂತ ಅರ್ಥ. ನಡುಕ ನಿಂತು, ಮಾತು ತೊದಲಿ, ಕೈ ತಡಬಡಿಸಿದರೆ ಮೈ ಸೋಲುತ್ತಿದೆ ಅಂತ. ‘ಹದಿನೇಳರ ಮಗ್ಗಿ ಹೇಳು’ ಎಂದೆ. ‘ಈಗ್ಲಾ?’ ಎಂದ. ‘ಈಗ್ಲೇ ಹೇಳು.’ ಹದಿನೇಳು ಹತ್ಲಿ ನೂರೆಪ್ಪತ್ತರವರೆಗೂ ತಪ್ಪಿಲ್ಲದೆ ಹೇಳಿದ. ಆಮೇಲೆ ಪ್ರತಿ ಅರ್ಧ ತಾಸಿಗೊಮ್ಮೆ ಒಬ್ಬರಿಗೊಬ್ಬರು ಮಗ್ಗಿ ಕೇಳಿಕೊಂಡೆವು. ನನಗೆ ಹತ್ತೊಂಬತ್ತರದು.

ಕಪ್ಪು ಚೀಲದಲ್ಲಿ ಕೂತ ನನ್ನ ಅನುಭವ ಹೇಳುತ್ತೇನೆ. ಗಾಳಿ ಪೂರ್ತಿ ನಿಂತಿತು. ಮೇಲಿನಿಂದ ಬೀಳುವ ಹಿಮ ಜಾರಿಹೋಗುತ್ತಿತ್ತು. ಒಂದು ಡಾಲರಿನ ವಸ್ತುವಿಗೆ ಇದು ಬಹಳ ದೊಡ್ಡ ಕೆಲಸ. ಆದರೆ ಬೆಚ್ಚಗಾಯಿತು ಅಂತ ಅನಿಸಲಿಲ್ಲ, ಚಳಿ ಜಾಸ್ತಿಯಾಗಲಿಲ್ಲ, ಅಷ್ಟೇ. ಏಳು ಗಂಟೆಗೆ ಅದಲು ಬದಲು ಮಾಡಿಕೊಂಡೆವು. ಕಿತ್ತಳೆ ಚೀಲದೊಳಗೆ ಕಾಲು ಚಾಚಿದಾಗ ವ್ಯತ್ಯಾಸ ಗೊತ್ತಾಯಿತು. ಬಚ್ಚಲ ಒಲೆಯಲ್ಲಿ ಉರಿ ಆರಿ ಕೆಂಡ ಉಳಿದಿರುವಾಗ, ಅದರ ಮುಂದೆ ಕೂತರೆ ಮೊಣಕಾಲಿಗೆ ತಾಗುವ ಹಿತವಾದ ಶಾಖ ಇರುತ್ತದಲ್ಲ, ಹಾಗೆ. ನನ್ನದೇ ಮೈಯ ಶಾಖ, ತಿರುಗಿ ನನಗೇ. ಬೆಳ್ಳಿ ಬದಿ ಬಟ್ಟೆಗೆ ಒತ್ತಿಕೊಂಡ ಕಡೆ, ಮೊಣಕೈ, ಭುಜದ ಹತ್ತಿರ, ಆ ಹಿತ ಇರಲಿಲ್ಲ. ಚೀಲಕ್ಕೂ ಮೈಗೂ ನಡುವೆ ಸ್ವಲ್ಪ ಜಾಗ ಬಿಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ಅಗಲ ನೋಡಿ ಕೊಳ್ಳಿ. ದಪ್ಪ ಜಾಕೆಟ್ಟಿನ ಸಮೇತ ಒಳಗೆ ಕೂರುವ ಹಾಗಿರಬೇಕು. ಅಂಗಡಿಯಲ್ಲಿ ತೆಳು ಅಂಗಿಯಲ್ಲಿ ನಿಂತು ಲೆಕ್ಕ ಹಾಕಬೇಡಿ.

ತೊಂದರೆಗಳೂ ಇವೆ. ದೊಡ್ಡದು ಬೆವರು. ಪ್ಲಾಸ್ಟಿಕ್ ಉಸಿರಾಡುವುದಿಲ್ಲ. ಮೈಯ ಆವಿ ಒಳಬದಿಯಲ್ಲಿ ನೀರಾಗಿ, ಮೇಲ್ಗಡೆ ಮಂಜುಗಡ್ಡೆಯ ಪದರವಾಗಿ ನಿಂತಿತು. ಅಲುಗಾಡಿದರೆ ಕುತ್ತಿಗೆಗೆ ಉದುರುತ್ತಿತ್ತು. ಮೂಗು ಬಾಯಿ ಯಾವಾಗಲೂ ಹೊರಗಿರಬೇಕು. ಚಳಿಗೆ ತಲೆಯನ್ನೂ ಒಳಗೆ ಎಳೆದುಕೊಳ್ಳಬೇಕು ಅನಿಸುತ್ತದೆ. ಹುಡುಗ ಐದು ನಿಮಿಷ ಹಾಗೆ ಮಾಡಿದ್ದಕ್ಕೇ ಅವನ ಟೋಪಿ ಒದ್ದೆಯಾಗಿತ್ತು. ಈಗ ಆವಿ ಹೊರಬಿಡುವ ಬಟ್ಟೆಯ ಚೀಲವೂ ಸಿಗುತ್ತದೆ, ಬೆಲೆ ಎರಡು ಮೂರು ಪಟ್ಟು. ಒಂದೇ ರಾತ್ರಿಗಾದರೆ ನನ್ನದು ಸಾಕು. ಎರಡನೇ ರಾತ್ರಿ ಬಂದಿದ್ದರೆ ಬಟ್ಟೆಯೆಲ್ಲ ತೇವವಾಗಿ ಕಷ್ಟವಾಗುತ್ತಿತ್ತು.

ಇನ್ನೊಂದು ತೊಂದರೆ ಸದ್ದು. ಇದನ್ನು ಯಾವ ಪೊಟ್ಟಣದ ಮೇಲೂ ಬರೆದಿರುವುದಿಲ್ಲ. ಚೂರು ಅಲುಗಿದರೂ ಚರಚರ ಅನ್ನುತ್ತದೆ. ನಿದ್ದೆಗೆ ತೊಂದರೆ ಅಂತಲ್ಲ. ನಮ್ಮನ್ನು ಹುಡುಕುವವರು ಕೂಗಿದರೆ ಕೇಳಿಸುವುದಿಲ್ಲ! ಹಾಗಾಗಿ ಆಗಾಗ ಇಬ್ಬರೂ ಉಸಿರು ಬಿಗಿಹಿಡಿದು ಅಲುಗದೆ ಕೂತು ಕಿವಿಗೊಡುತ್ತಿದ್ದೆವು. ಆ ಮೌನದಲ್ಲಿ ದೂರದಲ್ಲೆಲ್ಲೋ ಮರದ ಕಾಂಡ ಚಳಿಗೆ ಫಟ್ಟೆಂದು ಸೀಳುವ ಸದ್ದು ಕೇಳುತ್ತಿತ್ತು. ತೋಳದ ಬಗ್ಗೆ ಆಮೇಲೆ ಊರಿನವರೆಲ್ಲ ಕೇಳಿದರು. ಅಲಾಸ್ಕ ಬಿಟ್ಟರೆ ಈ ದೇಶದಲ್ಲಿ ತೋಳ ಜಾಸ್ತಿ ಇರುವುದು ಮಿನೆಸೋಟದಲ್ಲೇ, ನಿಜ. ಆದರೆ ಆ ರಾತ್ರಿ ನಮ್ಮ ಭಯವೆಲ್ಲ ಚಳಿಯದ್ದೇ ಆಗಿತ್ತು.

ಬೆಂಕಿ ಹೊತ್ತಿಸಿದೆವು, ಚಿಕ್ಕದು. ಬರ್ಚ್ ಮರದ ಬಿಳಿ ತೊಗಟೆಯಲ್ಲಿ ಎಣ್ಣೆಯಂಶ ಇರುತ್ತದೆ, ತೇವ ಇದ್ದರೂ ಹತ್ತುತ್ತದೆ. ಬಿದ್ದ ಮರದಿಂದ ಕಾಗದದ ಹಾಗೆ ಸುಲಿದು ಬಂತು. ಹಿಮದ ಮೇಲೆ ನೇರವಾಗಿ ಉರಿ ಹಾಕಿದರೆ ಕರಗಿ ಮುಳುಗುತ್ತದೆ, ಅದಕ್ಕೆ ಮೊದಲು ನಾಲ್ಕು ದಪ್ಪ ಕಟ್ಟಿಗೆ ಅಡಿಗೆ ಜೋಡಿಸಿದೆವು. ಮೇಲೆ ಹಿಮ ಹೊತ್ತ ಕೊಂಬೆ ಇರದ ಜಾಗ ನೋಡಿಕೊಂಡೆವು. ಬಿಸಿಗೆ ಆ ಹಿಮ ಧೊಪ್ಪೆಂದು ಬಿದ್ದರೆ ಉರಿ ನಂದಿಹೋಗುತ್ತದೆ. ಲೈಟರ್ ಮೊದಲು ಹತ್ತಲಿಲ್ಲ. ಕಂಕುಳಲ್ಲಿ ಇಟ್ಟು ಬಿಸಿ ಮಾಡಿದ ಮೇಲೆ ಹತ್ತಿತು. ಆದರೆ ಬೆಂಕಿಗೂ ಈ ಚೀಲಕ್ಕೂ ಆಗಿಬರುವುದಿಲ್ಲ. ಒಂದು ಕಿಡಿ ಹಾರಿ ಬಂದು ತೊಡೆಯ ಹತ್ತಿರ ಗೋಲಿಯಷ್ಟು ತೂತು ಮಾಡಿತು. ನೀರಿನ ಬಾಟಲಿಗೆ ಸುತ್ತಿಟ್ಟಿದ್ದ ಅಗಲ ಟೇಪು ಹಚ್ಚಿದೆ. ಚೀಲದಲ್ಲಿ ಕೂತವರು ಬೆಂಕಿಯಿಂದ ನಾಲ್ಕು ಹೆಜ್ಜೆ ದೂರ ಇರಬೇಕು. ಅಷ್ಟು ದೂರದಲ್ಲಿ ಸಣ್ಣ ಬೆಂಕಿಯ ಶಾಖ ಹೆಚ್ಚು ತಲುಪುವುದೂ ಇಲ್ಲ. ನಮಗೆ ಬೆಂಕಿಯಿಂದ ಸಿಕ್ಕಿದ್ದು ಜಾಸ್ತಿ ಧೈರ್ಯ, ಮತ್ತೆ ಕುಡಿಯುವ ನೀರು. ಸ್ಟೀಲ್ ಲೋಟದಲ್ಲಿ ಹಿಮ ಕರಗಿಸಿ ಕುಡಿದೆವು. ಹಿಮವನ್ನು ಹಾಗೇ ತಿನ್ನಬಾರದು. ಒಂದು ಲೀಟರ್ ನೀರಾಗುವಷ್ಟು ಹಿಮವನ್ನು ಕರಗಿಸಿ ಮೈಬಿಸಿಗೆ ತರಲು ಮೈ ಸುಮಾರು 115 ಕಿಲೊಕ್ಯಾಲರಿ ಖರ್ಚು ಮಾಡಬೇಕು. ಫ್ಲಾಸ್ಕಿನಲ್ಲಿ ಉಳಿದಿದ್ದ ಕಷಾಯ, ಎರಡು ಪೊಟ್ಟಣ ಕಡಲೆಮಿಠಾಯಿ, ಇಷ್ಟೇ ಊಟ. ಕಡಲೆಮಿಠಾಯಿ ತಿಂದ ಸ್ವಲ್ಪ ಹೊತ್ತಿಗೆ ಬೆರಳಿಗೆ ಜೀವ ಬಂದಂತಾಗುತ್ತಿತ್ತು.

ಕಿತ್ತಳೆ ಬಣ್ಣಕ್ಕೆ ಎಷ್ಟು ಬೆಲೆ ಇದೆ ಅಂತ ರಾತ್ರಿ ಒಂದೂವರೆಗೆ ಗೊತ್ತಾಯಿತು. ಹೊರಡುವಾಗ ಮನೆಯವರಿಗೆ ಪಾರ್ಕಿನ ಹೆಸರು, ಕಾರು ನಿಲ್ಲಿಸುವ ಜಾಗ, ಆರು ಗಂಟೆಯೊಳಗೆ ಫೋನ್ ಬರದಿದ್ದರೆ 911ಕ್ಕೆ ಕರೆ ಮಾಡಿ ಅಂತ ಮೆಸೇಜ್ ಹಾಕಿದ್ದೆ. ಅವರು ಆರೂ ಐದಕ್ಕೆ ಮಾಡಿದರು. ಹುಡುಕಲು ಬಂದ ತಂಡಕ್ಕೆ ಮೊದಲು ಕೇಳಿಸಿದ್ದು ನಮ್ಮ ಸೀಟಿ. ಮೂರು ಸಲ ಊದು, ನಿಲ್ಲಿಸು, ಮತ್ತೆ ಮೂರು. ಸಹಾಯ ಬೇಕು ಅನ್ನುವುದಕ್ಕೆ ಇಲ್ಲಿ ಅದೇ ಗುರುತು. ಸೀಟಿ ಪ್ಲಾಸ್ಟಿಕ್ಕಿನದು, ಒಳಗೆ ಗುಂಡು ಇಲ್ಲದ್ದು. ಲೋಹದ್ದಾದರೆ ಆ ಚಳಿಗೆ ತುಟಿ ಅಂಟಿಕೊಳ್ಳುತ್ತದೆ, ಗುಂಡಿದ್ದರೆ ಎಂಜಲು ಹೆಪ್ಪುಗಟ್ಟಿ ನಿಂತುಬಿಡುತ್ತದೆ. ಕೂಗಿ ಕೂಗಿ ನನ್ನ ಗಂಟಲು ಒಂಬತ್ತಕ್ಕೇ ಬಿದ್ದುಹೋಗಿತ್ತು, ಸೀಟಿಗೆ ಮಾತ್ರ ದಣಿವಿಲ್ಲ. ಸದ್ದಿನ ದಿಕ್ಕಿಗೆ ಟಾರ್ಚ್ ಹಾಯಿಸಿದಾಗ ಮರಗಳ ನಡುವೆ ಕಿತ್ತಳೆ ಚೀಲ ಥಟ್ಟನೆ ಕಂಡಿತಂತೆ. ಅದರ ಪಕ್ಕದಲ್ಲೇ ಕಪ್ಪು ಚೀಲದಲ್ಲಿದ್ದ ಹುಡುಗ, ಐದು ಹೆಜ್ಜೆ ಹತ್ತಿರ ಬರುವವರೆಗೆ ಅವರಿಗೆ ಕಂಡಿರಲಿಲ್ಲ. ಕಸದ ಚೀಲವೇ ಕೊಳ್ಳುವುದಾದರೆ ಕಪ್ಪು ಬೇಡ. ಹಳದಿ ಅಥವಾ ಕಿತ್ತಳೆ ಬಣ್ಣದ್ದು ಹುಡುಕಿ.

ಬಂದವರಲ್ಲಿ ಒಬ್ಬರು ಹಿರಿಯರು, ಎಪ್ಪತ್ತರ ಹತ್ತಿರ ಇರಬಹುದು. ಮೊದಲು ನಮ್ಮ ಮುಖ ನೋಡಲಿಲ್ಲ. ಬಗ್ಗಿ ನಮ್ಮ ಕೆಳಗಿನ ಸೊಪ್ಪನ್ನು ಕೈಯಿಂದ ಒತ್ತಿ ನೋಡಿದರು. ಇದನ್ನು ಯಾರು ಹಾಕಿದ್ದು ಅಂತ ಕೇಳಿದರು. ನಾನು ಎಂದೆ. ತಲೆಯಾಡಿಸಿ ನನ್ನ ಬೆನ್ನು ತಟ್ಟಿದರು. ಆಗ ಹೊರಗೆ ಮೈನಸ್ 19 ಡಿಗ್ರಿ. ಅಲ್ಲಿಯವರೆಗೂ ಅಳದಿದ್ದವಳು ಆಗ ಅತ್ತುಬಿಟ್ಟೆ. ಹುಡುಗನ ಎರಡು ಕಾಲ್ಬೆರಳ ತುದಿಗೆ ವಾರದವರೆಗೆ ಜೋಮು ಇತ್ತು, ಈಗ ಸರಿಹೋಗಿದೆ. ನನಗೆ ಏನೂ ಆಗಲಿಲ್ಲ.

ಐದಕ್ಕೆ ಎಷ್ಟು ಅಂಕ ಅಂದರೆ ನಾಲ್ಕು ಕೊಡುತ್ತೇನೆ. ಬೆವರಿಗೆ ಅರ್ಧ, ಸದ್ದಿಗೆ ಅರ್ಧ ಕಳೆದಿದ್ದೇನೆ. ಕಸದ ಚೀಲಕ್ಕೆ ಎರಡೂವರೆ. ಏನೂ ಕೊಳ್ಳಲು ಆಗದವರು ಕೂಡ ಅದೊಂದನ್ನು ಇಟ್ಟುಕೊಳ್ಳಬಹುದು.

ಕೊಂಡವರು ದಯವಿಟ್ಟು ಒಮ್ಮೆ ಮನೆಯಲ್ಲೇ ಬಿಚ್ಚಿ, ಜಾಕೆಟ್ ಹಾಕಿಕೊಂಡು ಒಳಗೆ ಕೂತು ನೋಡಿ. ಮತ್ತೆ ಮಡಚುವಾಗ ಮೊದಲಿನಷ್ಟು ಚಿಕ್ಕದಾಗುವುದಿಲ್ಲ, ಪರವಾಗಿಲ್ಲ. ಕಾರಿನ ಡಿಕ್ಕಿಯಲ್ಲಿ ಇಡಬೇಡಿ, ಬೆನ್ನುಚೀಲದಲ್ಲೂ ಬೇಡ. ಬೆನ್ನುಚೀಲ ಇಳಿಜಾರಿನಲ್ಲಿ ಜಾರಿಹೋಗಬಹುದು, ಕಾರು ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಮೈಮೇಲಿನ ಜೇಬಿನಲ್ಲೇ ಇರಲಿ. ಹುಡುಗ ಈಗ ತನ್ನದೇ ಒಂದು ಕೊಂಡಿದ್ದಾನೆ, ಉಣ್ಣೆ ಪ್ಯಾಂಟನ್ನೂ ಕೊಂಡ. ನನ್ನ ಹಳೆಯದು ಟೇಪು ಹಚ್ಚಿಕೊಂಡು ಬಚ್ಚಲಮನೆಯ ಹಗ್ಗದ ಮೇಲೆ ಎರಡು ದಿನ ಒಣಗಿತು. ಒಣಗಿದ ಮೇಲೆ ಅದರ ಮಡಿಕೆಗಳಿಂದ ಫರ್ ಮರದ ಸೂಜಿ ಎಲೆಗಳು ಒಂದು ಮುಷ್ಟಿಯಷ್ಟು ಉದುರಿದವು. ಮಗಳು ಅವನ್ನು ಆರಿಸಿ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ. ಮುಚ್ಚಳ ತೆಗೆದರೆ ಇನ್ನೂ ಘಮ ಬರುತ್ತದೆ.